ನಮ್ಮ ಕರಾವಳಿಯಲ್ಲಿ ಇಂಜಿನಿಯರಿಂಗ್ ಶಿಕ್ಷಣ ನಡೆದು ಬಂದ ದಾರಿ



ಶಿರ್ವದ ಮಂಚಕಲ್ ಪೇಟೆಯಿಂದ ಹೊರಟರೆ ಒಂದು, ಒಂದೂವರೆ ಗಂಟೆಯ ಬಸ್ಸಿನ ದಾರಿಯೊಳಗೆ ಬಂಟಕಲ್ಲು, ಮಣಿಪಾಲ, ನಿಟ್ಟೆ, ಸುರತ್ಕಲ್ ಎಂಬ ನಾಲ್ಕು ಊರುಗಳ ಇಂಜಿನಿಯರಿಂಗ್ ಕಾಲೇಜುಗಳನ್ನು ತಲುಪಬಹುದು. ಒಂದು ಗ್ರಾಮದ ಸುತ್ತ ಇಷ್ಟು ತಾಂತ್ರಿಕ ವಿದ್ಯಾಸಂಸ್ಥೆಗಳಿರುವ ಪ್ರದೇಶಗಳು ನಮ್ಮ ನಾಡಿನಲ್ಲಿ ಹೆಚ್ಚಿರಲಾರವು. ನನ್ನ ಕೈಯಲ್ಲಿ ಗಣಿತ ಕಲಿತವರಲ್ಲಿ ಅನೇಕರು ಈ ಕಾಲೇಜುಗಳಲ್ಲಿ ಓದಿ ಇಂಜಿನಿಯರುಗಳಾಗಿದ್ದೀರಿ. ಕೆಲವರು ಅಂಥ ಕಾಲೇಜುಗಳಲ್ಲಿಯೇ ಪ್ರಾಧ್ಯಾಪಕರಾಗಿದ್ದೀರಿ. ಊರಿಗೆ ಬಂದಾಗ ನೀವು ಆಡುವ ಮಾತುಗಳಲ್ಲಿ ಹೊಸ ಪಠ್ಯಕ್ರಮ, ಪ್ರಾಜೆಕ್ಟ್ ಆಧಾರಿತ ಕಲಿಕೆ, ಫಲಿತಾಂಶ ಆಧಾರಿತ ಶಿಕ್ಷಣ ಎಂಬ ಪದಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಇವುಗಳಲ್ಲಿ ನಿಜವಾಗಿಯೂ ಹೊಸತು ಯಾವುದು, ನಮ್ಮವರು ಹಿಂದೆಯೇ ಬಲ್ಲದ್ದು ಯಾವುದು, ಇಷ್ಟು ಸುಧಾರಣೆಗಳಾದ ಮೇಲೂ ಉಳಿದುಕೊಂಡಿರುವ ಕೊರತೆ ಯಾವುದು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ. ನಾನು ಇಂಜಿನಿಯರನಲ್ಲ, ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ಆದರೆ ನೀವು ಹತ್ತಿದ ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ ಮೂರೂವರೆ ದಶಕ ನಿಂತಿದ್ದವನಿಗೂ ಹೇಳಲು ಒಂದೆರಡು ಮಾತುಗಳಿರುತ್ತವೆಂದು ನಂಬಿದ್ದೇನೆ.

ಕಾಲೇಜುಗಳಿಗಿಂತ ಮೊದಲು

ಕಾಲೇಜುಗಳು ಬರುವ ಮೊದಲು ಇಲ್ಲಿ ತಂತ್ರಜ್ಞಾನವಿರಲಿಲ್ಲವೆಂದು ಭಾವಿಸಬಾರದು. ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ, ಸುಮಾರು 42 ಅಡಿ ಎತ್ತರದ ಏಕಶಿಲಾ ಬಾಹುಬಲಿಯನ್ನು ನೆನೆಯಿರಿ. ಅಷ್ಟು ಭಾರದ ಕಲ್ಲನ್ನು ಕಡೆಯುವುದಕ್ಕೂ ನೆಟ್ಟಗೆ ನಿಲ್ಲಿಸುವುದಕ್ಕೂ ಬೇಕಾದ ಲೆಕ್ಕಾಚಾರ ಯಾರದೋ ತಲೆಯಲ್ಲಿ ಇದ್ದೇ ಇತ್ತು. ಆದರೆ ಆ ವಿದ್ಯೆ ಗ್ರಂಥದಲ್ಲಿರಲಿಲ್ಲ, ಕೈಯಲ್ಲಿತ್ತು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೆಲಸದ ಜಾಗದಲ್ಲಿಯೇ ಹರಿದುಬರುತ್ತಿತ್ತು. ಅದರ ಬಲ ಅದೇ, ಮಿತಿಯೂ ಅದೇ. ಆ ಕುಲದಲ್ಲಿ ಹುಟ್ಟದವನಿಗೆ ವಿದ್ಯೆಯ ಬಾಗಿಲು ತೆರೆಯುತ್ತಿರಲಿಲ್ಲ. ಕೈಗೆ ಗೊತ್ತಿದ್ದ ಸಂಗತಿ ಬರಹಕ್ಕೆ ಇಳಿಯದೆ ಹೋದುದರಿಂದ ಎಷ್ಟೋ ಜ್ಞಾನ ನಷ್ಟವೂ ಆಯಿತು.

ಹುಟ್ಟಿನ ಹಂಗಿಲ್ಲದೆ ಕಸುಬು ಕಲಿಸುವ ವ್ಯವಸ್ಥೆಯೊಂದು ಕರಾವಳಿಯಲ್ಲಿ ಕಾಣಿಸಿಕೊಂಡದ್ದು ಬಾಸೆಲ್ ಮಿಶನ್ನಿನಿಂದ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನರಿಗಳು 1841ರಲ್ಲಿ ಮುದ್ರಣಾಲಯವನ್ನೂ ಅನಂತರ ನೇಯ್ಗೆಯ ಕಾರ್ಖಾನೆಯನ್ನೂ ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದಾಗಿ 'ಮಂಗಳೂರು ಹಂಚು' ದೇಶವಿದೇಶಗಳ ಮಾಡುಗಳನ್ನು ಏರಿತು. 1874ರಲ್ಲಿ ಯಂತ್ರಗಳ ಕಾರ್ಯಾಗಾರವೂ ಬಂದಿತು. ಮತಾಂತರಗೊಂಡು ಹಳೆಯ ಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವುದು ಅವರ ಮೊದಲ ಉದ್ದೇಶವಾಗಿತ್ತು. ಆದರೆ ಅದರ ಫಲವಾಗಿ ಕೆಲಸದ ಜಾಗವೇ ಶಾಲೆಯಾಯಿತು. ಹಸಿ ಮಣ್ಣಿನ ಹಂಚು ಒಣಗುವಾಗಲೂ ಗೂಡಿನಲ್ಲಿ ಸುಡುವಾಗಲೂ ಕುಗ್ಗುತ್ತದೆ. ಎಷ್ಟು ಕುಗ್ಗುವುದೆಂದು ತಿಳಿದು ಅಚ್ಚನ್ನು ಅಷ್ಟೇ ದೊಡ್ಡದಾಗಿ ಮಾಡದಿದ್ದರೆ ಒಂದು ಹಂಚು ಇನ್ನೊಂದರ ಮೇಲೆ ಸರಿಯಾಗಿ ಕೂರದು. ಇಂದು ಪಠ್ಯಪುಸ್ತಕದ ಒಂದು ಅಧ್ಯಾಯವಾಗಿರುವ ಈ ವಿಷಯವನ್ನು ಅಲ್ಲಿ ಹುಡುಗರು ಮೊದಲು ಬೆರಳಿನಿಂದ ಕಲಿತು ಆಮೇಲೆ ಲೆಕ್ಕಕ್ಕೆ ತಂದರು. 'ಮಾಡುತ್ತ ಕಲಿ' ಎಂದು ಈಗ ನಾವು ಹೊಗಳುವ ಕ್ರಮ ಇದೇ ತಾನೆ?

ಸರಕಾರಕ್ಕೆ ಬೇಕಾದ ಇಂಜಿನಿಯರು

ಇದಕ್ಕೆ ಸಮಾನಾಂತರವಾಗಿ ಬ್ರಿಟಿಷ್ ಸರಕಾರ ತನಗೆ ಬೇಕಾದವರನ್ನು ತಯಾರಿಸುವ ಬೇರೊಂದು ಮಾದರಿಯನ್ನು ಬೆಳೆಸಿತು. ಮದರಾಸಿನಲ್ಲಿ 1794ರಲ್ಲಿ ಆರಂಭವಾದ ಮೋಜಣಿ ಶಾಲೆಯೇ ಮುಂದೆ ಗಿಂಡಿಯ ಇಂಜಿನಿಯರಿಂಗ್ ಕಾಲೇಜಾಗಿ ಬೆಳೆಯಿತು. ಗಂಗಾ ಕಾಲುವೆಯ ಕಾಮಗಾರಿಗೆ ಜನ ಬೇಕಾದುದರಿಂದ 1847ರಲ್ಲಿ ರೂರ್ಕಿಯ ಕಾಲೇಜು ಹುಟ್ಟಿತು. ರಸ್ತೆ, ಕಾಲುವೆ, ಸೇತುವೆಗಳ ಉಸ್ತುವಾರಿಗೆ ಲೋಕೋಪಯೋಗಿ ಇಲಾಖೆಗೆ ಸಹಾಯಕರು ಬೇಕಿತ್ತು. ಪಠ್ಯಕ್ರಮವೂ ಆ ಅಗತ್ಯಕ್ಕೆ ತಕ್ಕಂತೆ ರಚಿತವಾಯಿತು. ಮೋಜಣಿ, ನಕ್ಷೆ, ಅಂದಾಜುಪಟ್ಟಿ ಇವುಗಳಿಗೆ ಪ್ರಾಧಾನ್ಯ. ಹೊಸದನ್ನು ಕಂಡುಹಿಡಿಯುವ ಮಾತಿಗೆ ಅಲ್ಲಿ ಹೆಚ್ಚಿನ ಎಡೆ ಇರಲಿಲ್ಲ. ಪಠ್ಯಕ್ರಮವೊಂದನ್ನು ಅರ್ಥಮಾಡಿಕೊಳ್ಳಬೇಕಾದರೆ ಅದು ಯಾರಿಗಾಗಿ, ಯಾವ ಕೆಲಸಕ್ಕಾಗಿ ರಚಿತವಾಯಿತೆಂದು ಮೊದಲು ಕೇಳಬೇಕು. ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಪುಣೆಯಲ್ಲಿ ಇಂಥದೇ ಶಿಕ್ಷಣ ಪಡೆದು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮರುವರ್ಷವೇ, ಅಂದರೆ 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. ಇಂದು ಅದು ಅವರ ಹೆಸರನ್ನೇ ಹೊತ್ತಿದೆ. ಅಲ್ಲಿ ಸಿವಿಲ್ ಶಾಖೆಯೊಡನೆ ಮೆಕ್ಯಾನಿಕಲ್ ಶಾಖೆಯೂ ಮೊದಲಿನಿಂದಲೇ ಇದ್ದುದು ಗಮನಾರ್ಹ. ಇಲಾಖೆಗೆ ಮಾತ್ರವಲ್ಲ, ಬರಲಿರುವ ಕಾರ್ಖಾನೆಗಳಿಗೂ ಜನ ಬೇಕೆಂಬ ಮುಂದಾಲೋಚನೆ ಅದರ ಹಿಂದಿತ್ತು; ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಪದವೀಧರರೊಂದಿಗೆ ಕುಶಲಕರ್ಮಿಗಳೂ ಬೇಕೆಂಬ ಅರಿವಿನಿಂದ ಬೆಂಗಳೂರಿನಲ್ಲಿ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಕೂಡ ಬಂದಿತು. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜನ್ನು ತೆರೆದರೆ, 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಕಾಲೇಜು ಆರಂಭವಾಯಿತು.

ಆದರೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆಗ ಮೈಸೂರಿಗೆ ಸೇರಿರಲಿಲ್ಲ, ಮದರಾಸಿಗೆ ಸೇರಿತ್ತು. ಇಲ್ಲಿಯ ಹುಡುಗನೊಬ್ಬ ಇಂಜಿನಿಯರ್ ಆಗಬೇಕೆಂದರೆ ದೂರದ ಮದರಾಸಿನ ಕಡೆ ಮುಖ ಮಾಡಬೇಕಿತ್ತು. ಮನೆಯ ಸ್ಥಿತಿ ಸರಿಯಿಲ್ಲದವರು ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದುತ್ತಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಕನ್ನಡ ರಾಜ್ಯವನ್ನು ಸೇರಿದ್ದು ಈ ದೃಷ್ಟಿಯಿಂದಲೂ ಒಂದು ತಿರುವು.

ಮಣಿಪಾಲವೂ ಸುರತ್ಕಲ್ಲೂ

ಮರುವರ್ಷವೇ, 1957ರಲ್ಲಿ, ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ಇಂಜಿನಿಯರಿಂಗ್ ಕಾಲೇಜನ್ನು ತೆರೆದರು. ಅವರು ವೃತ್ತಿಯಿಂದ ವೈದ್ಯರು. 1953ರಲ್ಲಿ ವೈದ್ಯಕೀಯ ಕಾಲೇಜನ್ನು ಕಟ್ಟಿದ್ದರು. ಆದರೆ ಈ ಎರಡಕ್ಕೂ ಮೊದಲು, 1942ರಲ್ಲಿ, ಅವರು ಸ್ಥಾಪಿಸಿದ್ದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ನಿನ ಮೂಲ ಉದ್ದೇಶವನ್ನು ನಾವು ಮರೆಯಬಾರದು. ಶಾಲೆ ಮುಗಿಸಿ ಮುಂದೆ ಓದಲು ದಾರಿಯಿಲ್ಲದ ಯುವಕರಿಗೆ ಏನಾದರೊಂದು ಕಸುಬು ಕಲಿಸಿ ಅವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವುದು ಅದರ ಮೊದಲ ಸಂಕಲ್ಪವಾಗಿತ್ತು. ಅಂದರೆ ಮಣಿಪಾಲದ ದೊಡ್ಡ ವಿದ್ಯಾನಗರಿಯ ಬೇರಿನಲ್ಲಿರುವುದು ಕೈಕಸುಬಿನ ತರಬೇತಿ. ಕಾಲೇಜು ಕಟ್ಟುವ ಬಂಡವಾಳದ ಒಂದು ಪಾಲನ್ನು ಓದಲು ಬರುವವರಿಂದಲೇ ಸಂಗ್ರಹಿಸುವ ಅವರ ಕ್ರಮ ಆಗ ಹೊಸತು. ಸರಕಾರದ ದಾರಿ ಕಾಯದೆ ವಿದ್ಯಾಸಂಸ್ಥೆ ಕಟ್ಟಬಹುದೆಂದು ಅದು ತೋರಿಸಿತು. ಹಣವಿಲ್ಲದವನ ಗತಿಯೇನೆಂಬ ಪ್ರಶ್ನೆಯನ್ನೂ ಎತ್ತಿತು. ಆ ಪ್ರಶ್ನೆ 1984ರ ಕ್ಯಾಪಿಟೇಶನ್ ನಿಷೇಧ ಕಾಯಿದೆಯಲ್ಲಿಯೂ 2002ರಲ್ಲಿ ಸುಪ್ರೀಂ ಕೋರ್ಟು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ನೀಡಿದ ತೀರ್ಪಿನಲ್ಲಿಯೂ ಚರ್ಚೆಗೆ ಬಂದಿತು.

1960ರಲ್ಲಿ ಸುರತ್ಕಲ್ಲಿನ ಕಡಲತಡಿಯಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇದರ ಹಿಂದೆ ಲೋಕಸಭಾ ಸದಸ್ಯರಾಗಿದ್ದ ಯು. ಶ್ರೀನಿವಾಸ ಮಲ್ಯರ ಶ್ರಮವಿತ್ತು. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇದ್ದಾಗ ಈ ಕಾಲೇಜು 'ಕರ್ನಾಟಕ' ಎಂಬ ಹೆಸರನ್ನು ಹೊತ್ತುಕೊಂಡಿತ್ತು ಎಂಬುದು ಅಭಿಮಾನದ ಸಂಗತಿ. ಪ್ರಾದೇಶಿಕ ಕಾಲೇಜುಗಳ ಯೋಜನೆಯಲ್ಲಿ ಅರ್ಧ ಸೀಟುಗಳು ಆಯಾ ರಾಜ್ಯದವರಿಗೆ, ಉಳಿದರ್ಧ ಹೊರ ರಾಜ್ಯಗಳವರಿಗೆ ಎಂಬ ನಿಯಮವಿತ್ತು. ಬಿಹಾರದ ಹುಡುಗನೂ ಬೆಳ್ಮಣ್ಣಿನ ಹುಡುಗನೂ ಒಂದೇ ಹಾಸ್ಟೆಲಿನಲ್ಲಿ ಉಣ್ಣುವಂತಾಯಿತು. ಪಠ್ಯಕ್ರಮದಲ್ಲಿ ಬರೆಯದ ಪಾಠವಿದು. 2002ರಲ್ಲಿ ಈ ಕಾಲೇಜು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು.

ಆ ಕಾಲದ ಪದವಿ ಐದು ವರ್ಷಗಳದು. ಬಡಗಿಯ ಕೆಲಸ, ಕಮ್ಮಾರಿಕೆ, ಫಿಟ್ಟಿಂಗ್ ಇವೆಲ್ಲ ಕಡ್ಡಾಯವಾಗಿದ್ದವು. ಕುಲುಮೆಯ ಮುಂದೆ ಬೆವರಿ, ಅರ ಹಿಡಿದು ಅಂಗೈಯಲ್ಲಿ ಬೊಕ್ಕೆ ಎಬ್ಬಿಸಿಕೊಂಡ ಕತೆಯನ್ನು ಆ ತಲೆಮಾರಿನ ಇಂಜಿನಿಯರುಗಳು ಈಗಲೂ ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಅನಂತರ ಪದವಿ ನಾಲ್ಕು ವರ್ಷಕ್ಕೆ ಇಳಿಯಿತು. ವಿಷಯಗಳು ಮಾತ್ರ ಏರಿದವು.

ಪುಸ್ತಕ ಗೆದ್ದ ಕಾಲ

ಮುಂದಿನ ದಶಕಗಳಲ್ಲಿ ಕಾಲೇಜುಗಳ ಸಂಖ್ಯೆ ಬೆಳೆಯಿತು. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು 1979ರಲ್ಲಿ ಕಟ್ಟಿದ ವಿದ್ಯಾಸಂಸ್ಥೆಯಿಂದ 1986ರಲ್ಲಿ ನಿಟ್ಟೆಯ ಮಹಾಲಿಂಗ ಅಡ್ಯಂತಾಯ ಸ್ಮಾರಕ ಕಾಲೇಜು ಬಂದಿತು. ಸಾಮಾನ್ಯ ಪ್ರವೇಶ ಪರೀಕ್ಷೆಯಿಂದಾಗಿ ಅಂಕವಿದ್ದ ಬಡ ಮಕ್ಕಳಿಗೂ ದಾರಿ ತೆರೆಯಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ಬೇರೆ ಬೇರೆ ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದ ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಬಂದವು.

ಇದರಿಂದ ಸಮಾನತೆ ಬಂದಿತು. ರಾಯಚೂರಿನ ವಿದ್ಯಾರ್ಥಿಗೂ ಕಾರ್ಕಳದ ವಿದ್ಯಾರ್ಥಿಗೂ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ಆದರೆ ಅದಕ್ಕೊಂದು ಬೆಲೆಯನ್ನೂ ತೆರಬೇಕಾಯಿತು. ಸಾವಿರಾರು ಮಂದಿಗೆ ಒಂದೇ ಪರೀಕ್ಷೆ ನಡೆಸಬೇಕಾದಾಗ, ಬರೆದು ತೋರಿಸಬಹುದಾದದ್ದನ್ನು ಮಾತ್ರ ಅಳೆಯಲು ಸಾಧ್ಯ. ಹಲಗೆಗೆ ಕೀಸುಳಿ ಹಾಕಿದ ನಯವನ್ನು ಉತ್ತರಪತ್ರಿಕೆಯಲ್ಲಿ ಕಟ್ಟಿ ಬೆಳಗಾವಿಗೆ ಕಳುಹಿಸಲಾಗುವುದಿಲ್ಲ. ಅಳೆಯಲಾಗದ್ದು ಕ್ರಮೇಣ ಕಲಿಸಲೂ ಬೇಡವಾಗುತ್ತದೆ. ಇದು ನಮ್ಮ ಪ್ರೌಢಶಾಲೆಗಳಲ್ಲಿಯೂ ಆದದ್ದೇ. ಪ್ರಯೋಗಶಾಲೆಯ ರೆಕಾರ್ಡು ಪುಸ್ತಕ ಪ್ರಯೋಗಕ್ಕಿಂತ ಮುಖ್ಯವಾಯಿತು. ಕಳೆದ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರೆ ಸಾಕೆಂಬ ಭಾವನೆ ಬೇರೂರಿತು. ಪ್ರಪಂಚದಲ್ಲಿಯೂ ಗಾಳಿ ಆ ದಿಕ್ಕಿಗೇ ಬೀಸಿತ್ತು. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ 1955ರ ಗ್ರಿಂಟರ್ ವರದಿ ಇಂಜಿನಿಯರಿಂಗಿನಲ್ಲಿ ವಿಜ್ಞಾನ ಮತ್ತು ಗಣಿತದ ಭಾಗವನ್ನು ಬಲಪಡಿಸಬೇಕೆಂದು ಹೇಳಿತು. ಅದು ಅಗತ್ಯವೇ ಆಗಿತ್ತು. ಆದರೆ ಅದರ ನೆರಳಿನಲ್ಲಿ ವರ್ಕ್‌ಶಾಪು ಮೂಲೆಗೆ ಸರಿಯಿತು.

ಹೊಸ್ತಿಲಲ್ಲಿ ಎಡವಿದವರು

ಇದರ ಪರಿಣಾಮ ನಮ್ಮೂರಿನ ಮಕ್ಕಳ ಮೇಲೆ ಹೇಗಾಯಿತೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿಯಲ್ಲಿ ಹೇಗೋ ಇಂಗ್ಲಿಷಿಗೆ ಹೊಂದಿಕೊಂಡು, ಇಂಜಿನಿಯರಿಂಗ್ ಸೇರಿದಳು. ತಂದೆ ಮುಂಬಯಿಯ ಕ್ಯಾಂಟೀನೊಂದರಲ್ಲಿದ್ದರು. ತಾಯಿ ಶಂಕರಪುರದ ಕಡೆಯ ಅನೇಕ ಮನೆಗಳವರಂತೆ ನಸುಕಿನಲ್ಲೆದ್ದು ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆ ಲೆಕ್ಕದಲ್ಲಿ ಕೊಟ್ಟು ಬಂದ ಹಣದಲ್ಲಿ ಮಗಳ ಫೀಸು ತುಂಬುತ್ತಿದ್ದರು. ದೀಪಾವಳಿಯ ರಜೆಯಲ್ಲಿ ತಾಯಿ ಮಗಳಿಬ್ಬರೂ ನಮ್ಮ ಮನೆಗೆ ಬಂದರು.

"ಮಾಸ್ಟ್ರೇ, ಇವಳು ಇನ್ನು ಕಾಲೇಜಿಗೆ ಹೋಗುವುದಿಲ್ಲವಂತೆ. ನೀವಾದರೂ ಒಂದು ಮಾತು ಹೇಳಿ" ಎಂದರು ತಾಯಿ.

ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ಸರ್, ಲೆಕ್ಕ ಬರುತ್ತದೆ. ಆದರೆ ಡ್ರಾಯಿಂಗಿನಲ್ಲಿ ಪ್ರಶ್ನೆ ಓದಿದರೆ ಏನು ಕೇಳಿದ್ದಾರೆಂದೇ ಗೊತ್ತಾಗುವುದಿಲ್ಲ. ಎಲ್ಲರೂ ಬರೆಯುತ್ತಾರೆ, ನಾನು ಸುಮ್ಮನೆ ಮಿನಿ ಡ್ರಾಫ್ಟರ್ ಹಿಡಿದು ಕುಳಿತಿರುತ್ತೇನೆ."

ಅವಳ ಪುಸ್ತಕ ತೆರೆಸಿ ನೋಡಿದೆ. ಘನಾಕೃತಿಯೊಂದನ್ನು ಎದುರಿನಿಂದಲೂ ಮೇಲಿನಿಂದಲೂ ನೋಡಿದರೆ ಹೇಗೆ ಕಾಣುವುದೆಂದು ಕಾಗದದ ಮೇಲೆ ಇಳಿಸುವ ವಿದ್ಯೆ ಅದು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪ್ರಥಮ ಕೋನ ಪದ್ಧತಿಯಲ್ಲಿ ವಸ್ತು ನೋಡುವವನಿಗೂ ಗೋಡೆಗೂ ನಡುವೆ ಇರುತ್ತದೆ. ನಾನು ಬೆಂಕಿಪೆಟ್ಟಿಗೆಯೊಂದನ್ನು ಗೋಡೆಗೆ ಹತ್ತಿರವಾಗಿ ಹಿಡಿದು ಟಾರ್ಚು ಬಿಟ್ಟೆ. ನೆರಳು ಗೋಡೆಯ ಮೇಲೆ ಬಿತ್ತು. ಎದುರಿನ ನೋಟ ಹಿಂದಿನ ಗೋಡೆಗೆ, ಮೇಲಿನ ನೋಟ ಕೆಳಗಿನ ನೆಲಕ್ಕೆ ಹೋಗುವುದು ಏಕೆಂದು ಅವಳಿಗೆ ಕೂಡಲೇ ಹೊಳೆಯಿತು. ಬಳಿಕ ಕ್ಯಾರೆಟೊಂದನ್ನು ಶಂಕುವಿನಂತೆ ಹೆರೆದು ಅಡ್ಡಕ್ಕೆ ಕೊಯ್ದರೆ ವೃತ್ತ, ಓರೆಯಾಗಿ ಕೊಯ್ದರೆ ದೀರ್ಘವೃತ್ತ, ಬದಿಯ ಓರೆಗೆ ಸಮಾನಾಂತರವಾಗಿ ಕೊಯ್ದರೆ ಪರವಲಯ ಬರುವುದನ್ನು ಅವಳ ಕೈಯಿಂದಲೇ ಮಾಡಿಸಿದೆ. ಪ್ರಶ್ನೆಯ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಹೇಳಿಕೊಂಡೆವು. ನಾಲ್ಕು ದಿನ ಹೀಗೆ ಸಾಗಿತು. ಅವಳು ಕಾಲೇಜಿಗೆ ಮರಳಿದಳು, ಪದವಿ ಪಡೆದಳು.

ಇದರಲ್ಲಿ ನನ್ನ ಹೆಗ್ಗಳಿಕೆ ಏನೂ ಇಲ್ಲ, ಬಿ.ಎಡ್. ತರಗತಿಯಲ್ಲಿ ಯಾವ ಶಿಕ್ಷಕನಿಗೂ ಹೇಳಿಕೊಡುವ ಸಾಮಾನ್ಯ ವಿಧಾನ ಅದು. ಮೂರ್ತದಿಂದ ಅಮೂರ್ತಕ್ಕೆ, ತಿಳಿದುದರಿಂದ ತಿಳಿಯದುದಕ್ಕೆ. ಆಶ್ಚರ್ಯವೆಂದರೆ, ಎಂಟನೆಯ ತರಗತಿಗೆ ಪಾಠ ಹೇಳುವವನು ಕಲಿಸುವ ಕಲೆಯಲ್ಲಿ ಪದವಿ ಪಡೆಯಲೇಬೇಕು. ಅದಕ್ಕಿಂತ ಎಷ್ಟೋ ಕಠಿಣವಾದ ವಿಷಯಗಳನ್ನು ಕಾಲೇಜಿನಲ್ಲಿ ಹೇಳುವವನಿಗೆ ವಿಷಯಜ್ಞಾನವೊಂದಿದ್ದರೆ ಸಾಕು ಎಂಬ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆಯಿತು. 1960ರ ದಶಕದಲ್ಲಿ ಭೋಪಾಲ, ಚಂಡೀಗಢ, ಕಲ್ಕತ್ತ, ಮದರಾಸುಗಳಲ್ಲಿ ತಾಂತ್ರಿಕ ಶಿಕ್ಷಕರ ತರಬೇತಿ ಸಂಸ್ಥೆಗಳು ಹುಟ್ಟಿದರೂ ಅವುಗಳ ಪ್ರಭಾವ ಹೆಚ್ಚಾಗಿ ಪಾಲಿಟೆಕ್ನಿಕ್ಕುಗಳಿಗೆ ಸೀಮಿತವಾಯಿತು.

ಕೈ ಮರಳಿ ಬಂದ ಬಗೆ

ಪುಸ್ತಕದ ಭಾರ ಅತಿಯಾಯಿತೆಂಬ ಅರಿವು ಬೇರೆ ದೇಶಗಳಲ್ಲಿ ಮೊದಲೇ ಮೂಡಿತ್ತು. ಡೆನ್ಮಾರ್ಕಿನಲ್ಲಿ 1974ರಲ್ಲಿ ಸ್ಥಾಪನೆಯಾದ ಆಲ್ಬೋರ್ಗ್ ವಿಶ್ವವಿದ್ಯಾನಿಲಯ ತನ್ನ ಕಲಿಕೆಯನ್ನೆಲ್ಲ ಸಮಸ್ಯೆ ಮತ್ತು ಪ್ರಾಜೆಕ್ಟುಗಳ ಸುತ್ತ ಕಟ್ಟಿತು. ವಿದ್ಯಾರ್ಥಿಗಳು ಗುಂಪುಗಳಲ್ಲಿ ನಿಜವಾದ ಒಂದು ಸಮಸ್ಯೆಯನ್ನು ಎತ್ತಿಕೊಂಡು, ಅದಕ್ಕೆ ಬೇಕಾದ ಸಿದ್ಧಾಂತವನ್ನು ಬೇಕಾದಾಗ ಕಲಿಯುವರು. 2000ದಲ್ಲಿ ಅಮೆರಿಕದ ಎಂ.ಐ.ಟಿ. ಮತ್ತು ಸ್ವೀಡನ್ನಿನ ಮೂರು ವಿಶ್ವವಿದ್ಯಾನಿಲಯಗಳು ಸೇರಿ, ಕಲ್ಪಿಸು, ವಿನ್ಯಾಸಗೊಳಿಸು, ನಿರ್ಮಿಸು, ನಡೆಸು ಎಂಬ ನಾಲ್ಕು ಹೆಜ್ಜೆಗಳ ಮೇಲೆ ಪಠ್ಯಕ್ರಮ ರಚಿಸುವ ಕ್ರಮವನ್ನು ರೂಪಿಸಿದವು.

ನಮ್ಮ ದೇಶದಲ್ಲಿ 2003ರಿಂದ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್‌ಪಿಟಿಇಎಲ್ ಯೋಜನೆಯಡಿ ಪಾಠಗಳನ್ನು ಎಲ್ಲರಿಗೂ ದೊರೆಯುವಂತೆ ಮಾಡಿದವು. 2004ರಲ್ಲಿ ಇನ್ಫೋಸಿಸ್ ಸಂಸ್ಥೆ ಕಾಲೇಜುಗಳೊಡನೆ 'ಕ್ಯಾಂಪಸ್ ಕನೆಕ್ಟ್' ಆರಂಭಿಸಿತು. 2007ರಲ್ಲಿ ಪ್ರೊ. ಕೃಷ್ಣ ವೇದುಲ ಅವರ ಮುಂದಾಳ್ತನದಲ್ಲಿ ಇಂಜಿನಿಯರಿಂಗ್ ಅಧ್ಯಾಪಕರಿಗೆ ಬೋಧನಾ ವಿಧಾನಗಳನ್ನು ಹೇಳಿಕೊಡುವ ಐಯುಸಿಇಇ ಎಂಬ ಭಾರತ–ಅಮೆರಿಕ ಸಹಯೋಗ ರೂಪುಗೊಂಡು, ಮರುವರ್ಷ ಅದರ ಮೊದಲ ಬೇಸಿಗೆ ಶಿಬಿರ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ನಡೆಯಿತು.

ಕರ್ನಾಟಕದಲ್ಲಿ ಈ ಚಿಂತನೆ ಗಟ್ಟಿಯಾಗಿ ಬೇರೂರಿದ್ದು ಹುಬ್ಬಳ್ಳಿಯಲ್ಲಿ. 1947ರ ಅದೇ ಭೂಮರಡ್ಡಿ ಕಾಲೇಜು ಡಾ. ಅಶೋಕ ಶೆಟ್ಟರ್ ಅವರ ನೇತೃತ್ವದಲ್ಲಿ 2015ರ ಹೊತ್ತಿಗೆ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾನಿಲಯವಾಗಿ, ಮೊದಲ ವರ್ಷದ ವಿದ್ಯಾರ್ಥಿಗಳಿಗೆಲ್ಲ 'ಇಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್' ಎಂಬ ಪಾಠವನ್ನು ಅಳವಡಿಸಿತು. ಶಾಖೆ ಯಾವುದೇ ಇರಲಿ, ಮಕ್ಕಳು ಗುಂಪಾಗಿ ಕುಳಿತು ಒಂದು ಅಗತ್ಯವನ್ನು ಗುರುತಿಸಿ, ಯಂತ್ರಭಾಗ, ವಿದ್ಯುನ್ಮಂಡಲ, ಪ್ರೋಗ್ರಾಮು ಮೂರನ್ನೂ ಜೋಡಿಸಿ ಒಂದು ಮಾದರಿಯನ್ನು ಮಾಡಿ ತೋರಿಸಬೇಕು. ಇಂಜಿನಿಯರಿಂಗ್ ಶಿಕ್ಷಣವನ್ನೇ ಸಂಶೋಧನೆಯ ವಿಷಯವನ್ನಾಗಿಸಿಕೊಂಡ ಒಂದು ಕೇಂದ್ರವೂ ಅಲ್ಲಿದೆ. ಮೊದಲ ವರ್ಷ ಸಿದ್ಧಾಂತ, ಕೊನೆಯ ವರ್ಷ ಪ್ರಾಜೆಕ್ಟು ಎಂಬ ಹಳೆಯ ಅನುಕ್ರಮವನ್ನೇ ಅವರು ತಿರುಗಿಸಿದರು.

ಇದರ ನಡುವೆ, 2014ರ ಜೂನ್ ತಿಂಗಳಿನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾಯಿತು. ಇದರನ್ವಯ, ಮಾನ್ಯತೆ ಪಡೆದ ಕಾರ್ಯಕ್ರಮಗಳ ಪದವಿಯನ್ನು ಇತರ ಸದಸ್ಯ ರಾಷ್ಟ್ರಗಳೂ ಸಮಾನವೆಂದು ಒಪ್ಪುತ್ತವೆ. ಆದರೆ ಕಾಲೇಜು ಏನು ಕಲಿಸಿತು ಎಂಬುದಕ್ಕಿಂತ ವಿದ್ಯಾರ್ಥಿ ಏನನ್ನು ಮಾಡಬಲ್ಲವನಾದ ಎಂಬುದನ್ನು ತೋರಿಸಬೇಕು. 2018ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಮಾದರಿ ಪಠ್ಯಕ್ರಮವನ್ನು ಹೊರತಂದು, 220ರ ಆಸುಪಾಸಿನಲ್ಲಿದ್ದ ಕ್ರೆಡಿಟ್ಟುಗಳನ್ನು 160ಕ್ಕೆ ಇಳಿಸಿತು. ಹೊಸಬರಿಗೆ ಮೂರು ವಾರಗಳ ಪ್ರವೇಶ ಕಾರ್ಯಕ್ರಮವನ್ನೂ ಸೂಚಿಸಿತು. ನಮ್ಮ ವಿಶ್ವೇಶ್ವರಯ್ಯ ವಿಶ್ವವಿದ್ಯಾನಿಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೇ 'ನಾವೀನ್ಯ ಮತ್ತು ವಿನ್ಯಾಸ ಚಿಂತನೆ' ಎಂಬ ಪಾಠ ಬಂದಿದೆ.

ಬಿ.ಎಡ್. ಮಾಡಿದವನ ಕಣ್ಣಿನಲ್ಲಿ

ಇಲ್ಲಿ ನನಗೆ ನಗು ಬರುವ ಒಂದು ಸಂಗತಿ ಇದೆ. ಕಾಲೇಜಿನಲ್ಲಿ ಅಧ್ಯಾಪಕನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ, "ಸರ್, ಈಗ ನಮ್ಮಲ್ಲಿ ಬ್ಲೂಮ್ಸ್ ಟ್ಯಾಕ್ಸಾನಮಿ ಎಂದು ಹೊಸತೊಂದು ಬಂದಿದೆ, ಪ್ರತಿಯೊಂದು ಪ್ರಶ್ನೆಯ ಎದುರಿಗೂ ಅದು ಯಾವ ಮಟ್ಟದ್ದೆಂದು ಬರೆಯಬೇಕು" ಎಂದ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಆ ವರ್ಗೀಕರಣವನ್ನು ಪ್ರಕಟಿಸಿದ್ದು 1956ರಲ್ಲಿ. ಎಂಬತ್ತರ ದಶಕದ ಆರಂಭದಲ್ಲಿ ಬಿ.ಎಡ್. ಓದಿದ ನಾವೆಲ್ಲ ಪಾಠಯೋಜನೆಯ ಪುಸ್ತಕದಲ್ಲಿ ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ ಎಂದು ಅಂಕಣ ಎಳೆದು ಬರೆದವರೇ. ತಡವಾದರೂ ಅದು ಅಲ್ಲಿಗೆ ತಲುಪಿತಲ್ಲ ಎಂದು ಸಂತೋಷಪಟ್ಟೆ.

ಆದರೆ ಅದೇ ಅನುಭವದಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಪಾಠಯೋಜನೆ ಬರೆಯುವುದು ಪಾಠ ಮಾಡುವುದಕ್ಕೆ ಸಾಧನವಾಗಿತ್ತು. ಕ್ರಮೇಣ ತನಿಖೆಗೆ ಬರುವವರಿಗೆ ತೋರಿಸಲು ಬರೆಯುವುದಾಯಿತು. ಪುಸ್ತಕ ಚೆಂದವಾಯಿತು, ಪಾಠ ಇದ್ದಲ್ಲಿಯೇ ಉಳಿಯಿತು. ಈಗ ಕಾಲೇಜುಗಳ ಅಧ್ಯಾಪಕರು ಕೋಷ್ಟಕ ತುಂಬುವುದರಲ್ಲಿ, ಕಡತ ಸಿದ್ಧಪಡಿಸುವುದರಲ್ಲಿ ಕಳೆಯುವ ಸಮಯದ ಕುರಿತು ನೀವು ಹೇಳುವಾಗ ನನಗೆ ಆ ದಿನಗಳೇ ಕಣ್ಣಿಗೆ ಬರುತ್ತವೆ. ಯಾವುದೇ ಸುಧಾರಣೆಯ ಪರೀಕ್ಷೆ ಕಡತದಲ್ಲಿಲ್ಲ. ತರಗತಿಯ ಕೊನೆಯ ಬೆಂಚಿನಲ್ಲಿದೆ.

ಬಗೆಹರಿಯದೆ ಉಳಿದ ಭಾಷೆಯ ಮಾತು

ಮೇಲೆ ಹೇಳಿದ ಸುಧಾರಣೆಗಳಲ್ಲಿ ಬಹುಪಾಲು ಕೈಯ ಕೊರತೆಯನ್ನು ತುಂಬಲು ಹೊರಟವು. ನಾಲಿಗೆಯ ಕೊರತೆ ಹಾಗೆಯೇ ಉಳಿದಿದೆ. ಶಿರ್ವದ ಮಗು ಮನೆಯಲ್ಲಿ ತುಳು ಇಲ್ಲವೇ ಕೊಂಕಣಿ ಮಾತಾಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಕಾಲೇಜಿನಲ್ಲಿ ಇಂಗ್ಲಿಷಿನ ಎದುರು ನಿಲ್ಲುತ್ತದೆ. ಕನ್ನಡದಲ್ಲಿ ವಿಜ್ಞಾನ ಹೇಳಲಾಗದೆಂಬ ಮಾತು ಸುಳ್ಳು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರತಂದರು. ನಮ್ಮ ಶಿವರಾಮ ಕಾರಂತರು ಒಬ್ಬರೇ ಕುಳಿತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ, 2021ರಲ್ಲಿ, ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ದೊರೆತು, ಕರ್ನಾಟಕದ ಕೆಲವು ಕಾಲೇಜುಗಳು ಕನ್ನಡದಲ್ಲಿ ಕಲಿಸಲು ಮುಂದೆ ಬಂದವು. ಆದರೆ ಸೇರಲು ಮನಸ್ಸು ಮಾಡಿದವರು ತೀರಾ ಕಡಿಮೆ. ಇದಕ್ಕೆ ಮಕ್ಕಳನ್ನಾಗಲಿ ತಂದೆತಾಯಿಗಳನ್ನಾಗಲಿ ದೂರುವುದು ನ್ಯಾಯವಲ್ಲ. ಕೆಲಸ ಕೊಡುವವರು ಇಂಗ್ಲಿಷಿನಲ್ಲಿ ಸಂದರ್ಶನ ನಡೆಸುವವರೆಗೆ, ಮಲ್ಲಿಗೆ ಕಟ್ಟಿ ಮಗಳನ್ನು ಓದಿಸುವ ತಾಯಿ ಇಂಗ್ಲಿಷನ್ನೇ ಆರಿಸುತ್ತಾಳೆ. ವಿಶ್ವವಿದ್ಯಾನಿಲಯವು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 'ಸಾಂಸ್ಕೃತಿಕ ಕನ್ನಡ'ವನ್ನೂ ಹೊರನಾಡಿನವರಿಗೆ 'ಬಳಕೆ ಕನ್ನಡ'ವನ್ನೂ ಇಟ್ಟಿರುವುದು ಸಂತೋಷವೇ. ಆದರೆ ಅದು ಕನ್ನಡವನ್ನು ಕಲಿಸುವ ಪಾಠ. ಕನ್ನಡದ ಮೂಲಕ ಇಂ‌ಜಿನಿಯರಿಂಗನ್ನು ತಿಳಿಸುವ ಪಾಠವಲ್ಲ. ನಮಗೆ ಬೇಕಾದುದು ಎರಡು ಮಾಧ್ಯಮಗಳ ಜಗಳವಲ್ಲ, ನಡುವಿನ ಒಂದು ಸಂಕ. ಹೊಳೆಯ ಎರಡು ದಡಗಳೂ ನಮ್ಮವೇ. ದಾಟುವವರಿಗೆ ಸಂಕವಿಲ್ಲದಿರುವುದೇ ತೊಂದರೆ.

ನಿಮ್ಮಲ್ಲೊಂದು ಬಿನ್ನಹ

2010ರಲ್ಲಿ ಸೋದೆ ವಾದಿರಾಜ ಮಠದ ಆಶ್ರಯದಲ್ಲಿ ನಮ್ಮ ಬಂಟಕಲ್ಲಿನಲ್ಲಿಯೇ ಶ್ರೀ ಮಧ್ವ ವಾದಿರಾಜ ತಾಂತ್ರಿಕ ಮಹಾವಿದ್ಯಾಲಯ ಆರಂಭವಾಯಿತು. ಒಂದು ಕಾಲಕ್ಕೆ ಮದರಾಸಿನವರೆಗೆ ಹೋಗಬೇಕಿದ್ದ ವಿದ್ಯೆಗೆ ಈಗ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಬಹುದು. ದೂರ ಎಷ್ಟೋ ಕಡಿಮೆಯಾಯಿತು. ಆದರೆ ಮನೆಯಿಂದ ಕಾಲೇಜಿನ ಗೇಟಿಗೆ ಇರುವ ದೂರ ಬೇರೆ, ಗೇಟಿನಿಂದ ಕರಿಹಲಗೆಗೆ ಇರುವ ದೂರ ಬೇರೆ. ಎರಡನೆಯದನ್ನು ಬಸ್ಸು ದಾಟಿಸುವುದಿಲ್ಲ, ಅಧ್ಯಾಪಕನೇ ದಾಟಿಸಬೇಕು.

ಆದುದರಿಂದ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂರು ಬಿನ್ನಹಗಳನ್ನು ಮಾಡುತ್ತೇನೆ. ಮೊದಲನೆಯದು, ಪರಿಷತ್ತು ಹೇಳಿರುವ ಮೂರು ವಾರಗಳ ಪ್ರವೇಶ ಕಾರ್ಯಕ್ರಮವನ್ನು ಭಾಷಣಗಳಲ್ಲಿ ಮುಗಿಸದೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಪರಿಚಯಿಸಲು ಬಳಸಿರಿ. ಪ್ರತಿ ವಿಷಯಕ್ಕೆ ನೂರು ಪದ ಸಾಕು. ಎರಡನೆಯದು, ಪ್ರಾಜೆಕ್ಟಿನ ವಿಷಯವನ್ನು ಅಂತರ್ಜಾಲದಿಂದ ತೆಗೆಯಲು ಬಿಡದೆ, ಮಕ್ಕಳನ್ನು ಅವರವರ ಊರಿಗೆ ಕಳುಹಿಸಿರಿ. ಮಲ್ಲಿಗೆ ಮೊಗ್ಗು ಸಂಜೆಯವರೆಗೆ ಅರಳದಂತೆ ಕಾಯುವುದು ಹೇಗೆ, ಮಲ್ಪೆಯ ಮೀನಿನ ಮಂಜುಗಡ್ಡೆ ಬೇಗ ಕರಗದಂತೆ ಮಾಡುವುದು ಹೇಗೆ, ಮಳೆಗಾಲದಲ್ಲಿ ಅಡಕೆ ಒಣಗಿಸುವುದು ಹೇಗೆ. ಇವೆಲ್ಲ ಉಷ್ಣಗತಿಶಾಸ್ತ್ರದ ಪ್ರಶ್ನೆಗಳೇ ಅಲ್ಲವೇ? ಮೂರನೆಯದು, ವರ್ಷಕ್ಕೊಮ್ಮೆಯಾದರೂ ಸಮೀಪದ ಪ್ರೌಢಶಾಲೆಗೆ ಹೋಗಿ ಒಂದು ಗಂಟೆ ಪಾಠ ಮಾಡಿರಿ. ನಿಮ್ಮ ಮುಂದೆ ನಾಲ್ಕು ವರ್ಷಗಳ ಬಳಿಕ ಬಂದು ಕೂರುವವರು ಈಗ ಹೇಗಿದ್ದಾರೆಂದು ಅಲ್ಲಿ ಕಾಣುತ್ತದೆ.

ಈಗ ಯಂತ್ರಗಳೇ ಪ್ರಶ್ನೆಗಳಿಗೆ ಉತ್ತರ ಬರೆಯುವ ಕಾಲ ಬಂದಿದೆ. ಬರೆದು ತೋರಿಸುವುದನ್ನಷ್ಟೇ ವಿದ್ಯೆಯೆಂದು ನಂಬಿದ ಪಠ್ಯಕ್ರಮಕ್ಕೆ ಇನ್ನು ಉಳಿಗಾಲವಿಲ್ಲ. ಕೈಯಿಂದ ಮಾಡಿ, ಕಣ್ಣಿನಿಂದ ಕಂಡು, ತನ್ನ ಮಾತಿನಲ್ಲಿ ಇನ್ನೊಬ್ಬರಿಗೆ ತಿಳಿಸಬಲ್ಲವನ ವಿದ್ಯೆ ಮಾತ್ರ ಅವನದಾಗಿ ಉಳಿಯುತ್ತದೆ. ಹಂಚಿನ ಗೂಡಿನ ಮುಂದೆ ನಿಂತಿದ್ದ ಹುಡುಗರಿಗೆ ನೂರೈವತ್ತು ವರ್ಷಗಳ ಹಿಂದೆ ತಿಳಿದಿದ್ದುದು ಇದೇ.

ಇಂಜಿನಿಯರಿಂಗ್ ಓದಿದವರು ನಿಮ್ಮ ಮೊದಲ ವರ್ಷದ ಅನುಭವಗಳನ್ನು ನನಗೆ ಬರೆದು ತಿಳಿಸಿದರೆ ಸಂತೋಷವಾಗುತ್ತದೆ. ಕನ್ನಡ ಮಾಧ್ಯಮದಿಂದ ಹೋದವರು ತಪ್ಪದೆ ಬರೆಯಿರಿ. ಈಗ ಹತ್ತನೆಯ ತರಗತಿಯಲ್ಲಿರುವವರಿಗೆ ಅದನ್ನು ಓದಿ ಹೇಳುವೆ. ಎಲ್ಲರಿಗೂ ಶುಭವಾಗಲಿ.